ಬೆಚ್ಚದ ಇಬ್ಬರು

ಆ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಡಂಗುರ ಹೊಡೆದ ಹಾಗೆ ಕೇಳಬೇಕಿತ್ತು. ತಾತ ಮೂವತ್ತೆಂಟು ವರ್ಷ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸಿದವರು. ಎದುರು ನಿಂತು ಕೂಗಿದರೆ ಮಾತ್ರ ಅವರಿಗೆ ಮಾತು ತಿಳಿಯುತ್ತಿತ್ತು, ಆದರೆ ಹಾಗೆಂದರೆ ಅವರು ಒಪ್ಪುತ್ತಿರಲಿಲ್ಲ.

“ನನ್ನ ಕಿವಿ ಸರಿಯಾಗೇ ಇದೆ. ನೀವೆಲ್ಲ ಬಾಯಲ್ಲಿ ನೀರು ತುಂಬ್ಕೊಂಡು ಮಾತಾಡ್ತೀರಿ.”

ಎರಡು ವರ್ಷದ ಹಿಂದೆ ಮಗ ತಂದುಕೊಟ್ಟ ಕಿವಿಯ ಮೆಷೀನು ಹಳೆಯ ಕನ್ನಡಕಗಳ ಜೊತೆ ಕಪಾಟಿನ ಖಾನೆಯಲ್ಲಿ ಮಲಗಿತ್ತು. ಮಗ ಬಸ್ ಡ್ರೈವರು, ದಿನವೆಲ್ಲ ಹಾರನ್ ಹೊಡೆದು ಬಂದು ಮನೆಯಲ್ಲೂ ಅದೇ ದನಿ. ಸೊಸೆ ರಫೂ ಮಾಡುವವಳು. ಹರಿದ ಬಟ್ಟೆಯ ಎಳೆಗೆ ಎಳೆ ಸೇರಿಸಿ, ಹರಿದಿತ್ತೆಂಬುದೇ ಕಾಣದಂತೆ ಮಾಡುತ್ತಿದ್ದಳು. ಇಷ್ಟು ಮೌನದ ಕೆಲಸ ಮಾಡುವ ಹೆಂಗಸಿನ ಕೂಗು ಮಾತ್ರ ಬೀದಿಯ ತಿರುವಿನ ತನಕ ಹೋಗುತ್ತಿತ್ತು. ಮನೆ ಇದ್ದದ್ದು ಚಪ್ಪಲಿ ರಿಪೇರಿ ಅಂಗಡಿಯ ಮೇಲೆ, ಹಲಗೆಯ ನೆಲದ ಮೂರು ಕೋಣೆಗಳಲ್ಲಿ.

ಒಂದು ಶನಿವಾರ ಮಧ್ಯಾಹ್ನ ಮೊಮ್ಮಗಳು ಮುಚ್ಚಳವಿದ್ದ ಬುಟ್ಟಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಹದಿಮೂರು ವರ್ಷ ಅವಳಿಗೆ. ರಜೆಯ ದಿನಗಳಲ್ಲಿ ಪ್ರಾಣಿಗಳ ಆಶ್ರಯಕ್ಕೆ ಹೋಗಿ ಪಂಜರ ತೊಳೆದು ಬರುತ್ತಿದ್ದಳು.

“ಒಂದು ತಿಂಗಳು ಅಷ್ಟೇ ಅಮ್ಮ. ಸರಿಹೋಗಲಿಲ್ಲ ಅಂದ್ರೆ ನಾಲ್ಕನೇ ಭಾನುವಾರ ಅಲ್ಲಿನ ಮೇಡಂ ಬಂದು ವಾಪಸ್ ತಗೊಂಡು ಹೋಗ್ತಾರೆ.”

“ಇದು ಮೊದಲನೇ ಮನೆಯಾ?”

ಹುಡುಗಿ ಬುಟ್ಟಿಯ ಹಿಡಿಕೆಯನ್ನು ನೋಡಿದಳು. “ಮೂರನೇದು.”

“ಅಂದ್ರೆ ಇಬ್ಬರು ಬೇಡ ಅಂದದ್ದನ್ನ ನಮ್ಮ ಮನೆಗೆ ತಂದಿದ್ದೀಯ.”

“ಇಲ್ಲಿಂದಲೂ ವಾಪಸ್ ಹೋದ್ರೆ ಇನ್ನು ಯಾರಿಗೂ ಕೊಡಲ್ವಂತೆ ಅಮ್ಮ. ಬದುಕಿರೋವರೆಗೂ ಪಂಜರದಲ್ಲೇ.”

“ಇರಲಿ ಬಿಡೇ,” ಎಂದ ಡ್ರೈವರು. “ಒಂದು ಬೊಗಸೆ ಬೆಕ್ಕು. ಎಷ್ಟು ಜಾಗ ಬೇಕು ಅದಕ್ಕೆ?”

“ಜಾಗದ ಮಾತಲ್ಲ. ಅದರ ಕಕ್ಕಸಿನ ಮಣ್ಣಿನ ತಟ್ಟೆ ಯಾರು ಎತ್ತೋದು? ನಿಮ್ಮ ಬಸ್ಸಾ?”

“ನಾನು,” ಎಂದಳು ಮಗಳು. “ದಿನಾ ಎರಡು ಸಲ. ಒಂದು ದಿನ ತಪ್ಪಿದ್ರೆ ನೀನು ಹೇಳಿದ್ದು ಕೇಳ್ತೀನಿ.”

“ಏನದು ಬುಟ್ಟೀಲಿ?” ಎಂದರು ಕಿಟಕಿಯ ಬಳಿ ಕೂತಿದ್ದ ತಾತ.

“ಬೆಕ್ಕು!” ಮೂವರೂ ಒಟ್ಟಿಗೆ ಕೂಗಿದರು.

ಬುಟ್ಟಿಯೊಳಗೆ ಬಿಳಿಯ ಮರಿ ಮುಂಗಾಲು ನೆಕ್ಕುತ್ತಿತ್ತು. ಆ ಕೂಗಿಗೆ ಅದು ನಾಲಿಗೆಯನ್ನೂ ನಿಲ್ಲಿಸಲಿಲ್ಲ. ಹುಡುಗಿಯ ಮುಖ ಅರಳಿತು.

“ನೋಡಿದ್ರಾ? ಹೆದರಲೇ ಇಲ್ಲ! ಅಲ್ಲಿ ಅಷ್ಟು ನಾಯಿ ಬೊಗಳ್ತಿದ್ರೂ ಇದು ನಿದ್ದೆ ಹೊಡೀತಿತ್ತು.”

“ನಮ್ಮ ಮನೆಗೆ ಹೇಳಿ ಮಾಡಿಸಿದ ಬೆಕ್ಕು,” ಎಂದು ಅಪ್ಪ ನಕ್ಕ.

ಅಮ್ಮನಿಗೂ ಆ ಮಾತು ಸರಿಯೆನಿಸಿತು. ತಟ್ಟೆ ಸದ್ದಾದರೆ ಮಂಚದಡಿ ಓಡುವ ಬೆಕ್ಕಾಗಿದ್ದರೆ ಈ ಮನೆಯಲ್ಲಿ ಮೂರು ದಿನ ಬಾಳುತ್ತಿರಲಿಲ್ಲ. ಹಾಗೆ ಮರಿ ಉಳಿಯಿತು. ತಾತ ಅದರ ಮೈ ನೋಡಿ “ಹತ್ತಿ” ಎಂದು ಹೆಸರಿಟ್ಟರು. ಆವತ್ತಿನಿಂದ ಮೂವರೂ ಮೂರು ಕೋಣೆಯಿಂದ “ಹತ್ತೀ, ಹತ್ತೀ” ಎಂದು ಕೂಗುವುದೂ, ಹತ್ತಿ ಯಾರ ಕಡೆಗೂ ನೋಡದೆ ಕೂತಿರುವುದೂ ನಡೆಯಿತು. “ದೊಡ್ಡ ಸಾಹೇಬರು, ಕರೆದ ಕೂಡಲೇ ಬರ್ತಾರಾ?” ಎಂದು ಡ್ರೈವರು ಅದಕ್ಕೊಂದು ಸಲಾಮು ಹೊಡೆಯುತ್ತಿದ್ದ.

ಆಶ್ರಯದವರು ಕೊಟ್ಟ ಕಾಗದವನ್ನು ಹುಡುಗಿ ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಮೊದಲ ವಾರ ಒಂದೇ ಕೋಣೆಯಲ್ಲಿ ಇಡಿ. ಹಾಲು ಹಾಕಬೇಡಿ. ಬೇಯಿಸಿದ ಮೀನು, ಮುಳ್ಳು ತೆಗೆದು. ಅದು ತಾನಾಗಿ ಬರುವವರೆಗೆ ಎತ್ತಿಕೊಳ್ಳಬೇಡಿ. ಮನೆಯಲ್ಲಿ ಜೋರಾಗಿ ಮಾತಾಡಬೇಡಿ. ಕೊನೆಯ ಸಾಲನ್ನು ಓದಿ ಮನೆಯವರೆಲ್ಲ ಜೋರಾಗಿ ನಕ್ಕರು.

ಎರಡನೆಯ ದಿನವೇ ಡ್ರೈವರು ಕದ್ದು ಹಾಲು ಹಾಕಿದ. ಅದರ ಫಲವನ್ನು ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಅವನ ಬೂಟೇ ಅವನಿಗೆ ತಿಳಿಸಿತು.

“ಕಾಗದ ಓದೋಕೆ ಬರಲ್ವಾ ಅಪ್ಪ?”

“ಬೆಕ್ಕಿಗೆ ಹಾಲು ಹಾಕಬಾರದು ಅಂತ ಕಾಗದ ಹೇಳಿದ್ರೆ ಯಾರು ನಂಬ್ತಾರೆ? ನಮ್ಮಜ್ಜಿ ಕತೆಯಲ್ಲೆಲ್ಲ ಬೆಕ್ಕು ಹಾಲೇ ಕುಡೀತಿತ್ತು.”

“ಕತೇಲಿ ಬೂಟು ತೊಳೆದವರು ಯಾರು ಅಂತ ಇತ್ತಾ?” ಎಂದಳು ಸೊಸೆ, ಬೂಟನ್ನು ಅವನ ಕೈಗೇ ಕೊಟ್ಟು.

ಇದೆಲ್ಲ ನಗುವಿನಲ್ಲಿ ಕಳೆಯಿತು. ಪರಚುವುದು ಮಾತ್ರ ನಗುವಿನಲ್ಲಿ ಕಳೆಯಲಿಲ್ಲ. ತಿನ್ನುವಾಗಲೋ ಕಿಟಕಿಯಿಂದ ಆಚೆ ನೋಡುವಾಗಲೋ ಯಾರಾದರೂ ಬೆನ್ನು ಸವರಿದರೆ ಹತ್ತಿ ಚಿಮ್ಮಿ, ತಿರುಗಿ, ಕೈಗೆ ನಾಲ್ಕೂ ಉಗುರು ಇಳಿಸುತ್ತಿತ್ತು. ಮರುಗಳಿಗೆ ತಾನೇ ಗಾಬರಿಯಾದಂತೆ ಮೂಲೆ ಹಿಡಿಯುತ್ತಿತ್ತು. ಹುಡುಗಿಯ ಮುಂಗೈ ತುಂಬ ಗೀರುಗಳು. ಅವಳು ಉದ್ದ ತೋಳಿನ ಅಂಗಿ ಹಾಕಿಕೊಂಡು ಶಾಲೆಗೆ ಹೋದಳೇ ಹೊರತು ಒಂದು ದಿನವೂ ಮಣ್ಣಿನ ತಟ್ಟೆ ತಪ್ಪಿಸಲಿಲ್ಲ.

“ಹೇಳಿ ಕರೆದು, ಆಮೇಲೆ ಮುಟ್ಟಿದ್ರೂ ಪರಚುತ್ತಲ್ಲೇ,” ಎಂದಳು ಅಮ್ಮ, ಗಾಯಕ್ಕೆ ಔಷಧಿ ಹಚ್ಚುತ್ತ.

“ಅಭ್ಯಾಸ ಆಗ್ಬೇಕು ಅಮ್ಮ. ಇನ್ನೂ ಹದಿನೆಂಟು ದಿನ ಇದೆ.”

“ಅಷ್ಟರಲ್ಲಿ ನಿನ್ನ ಕೈಯಲ್ಲಿ ಚರ್ಮ ಉಳಿದಿರುತ್ತಾ?”

ಎರಡನೆಯ ವಾರ ಇನ್ನೊಂದು ಜಗಳವಾಯಿತು. ಸೊಸೆ ಚಹಾ ತಂದು, “ಮಾವಾ, ಚಹಾ!” ಎಂದು ಬಾಗಿಲಿಂದ ಎರಡು ಸಲ ಕೂಗಿ, ಹಿಂದಿನಿಂದ ಬಂದು ಅವರ ಭುಜ ತಟ್ಟಿದಳು. ತಾತ ಕುರ್ಚಿಯಿಂದ ಎಗರಿದರು. ಲೋಟ ಉರುಳಿ ಚಹಾ ಅವರ ಪಂಚೆಯ ಮೇಲೂ ಅವಳ ಪಾದದ ಮೇಲೂ ಚೆಲ್ಲಿತು.

“ಕಳ್ಳರ ಹಾಗೆ ಬರ್ತೀಯಲ್ಲ! ಒಂದು ಮಾತು ಹೇಳಿ ಬರೋಕೆ ಏನಾಗಿತ್ತು?”

“ಎರಡು ಸಲ ಕೂಗಿದೆ ಮಾವ! ಕೆಳಗಿನ ಅಂಗಡಿಯವನಿಗೂ ಕೇಳಿಸಿದೆ!”

“ಕೂಗಿದ್ರೆ ನನಗೆ ಕೇಳಿಸ್ತಿರಲಿಲ್ವಾ?”

ಸೊಸೆ ಪಾದದ ಮೇಲೆ ತಣ್ಣೀರು ಸುರಿದುಕೊಂಡು ಅಡುಗೆಮನೆಯಲ್ಲಿ ಮಗಳಿಗೆ ಹೇಳಿದಳು: “ಈ ಮನೇಲಿ ಬೆನ್ನು ಮುಟ್ಟಿದ್ರೆ ಮೈಮೇಲೆ ಬೀಳೋರು ಇಬ್ಬರು. ಒಬ್ಬರಿಗೆ ಉಗುರು, ಒಬ್ಬರಿಗೆ ನಾಲಿಗೆ. ಆ ಕಿವುಡ ಮುದುಕಪ್ಪನನ್ನ ಅಂತೂ ವಾಪಸ್ ಕಳಿಸೋಕಾಗಲ್ಲ.” ದನಿ ತಗ್ಗಿಸುವ ಅಗತ್ಯ ಅವಳಿಗಿರಲಿಲ್ಲ. ಹುಡುಗಿ ಮಾತ್ರ ಬಾಗಿಲ ಕಡೆ ನೋಡಿದಳು. ತಾತ ಒದ್ದೆ ಪಂಚೆಯಲ್ಲೇ ಕೂತು ಬೀದಿ ನೋಡುತ್ತಿದ್ದರು.

ಅದೇ ವಾರದ ಭಾನುವಾರ ಊಟದ ಹೊತ್ತಿಗೆ ಸೊಸೆಯ ಕೈ ಜಾರಿ ಸ್ಟೀಲ್ ತಟ್ಟೆಗಳ ಅಟ್ಟಿ ಪೂರಾ ಹಲಗೆಯ ಮೇಲೆ ಬಿತ್ತು. ಆಗ ಅವಳು ಅಡುಗೆಮನೆಯ ಬಾಗಿಲಲ್ಲಿದ್ದಳು, ತಾತ ಗೋಡೆಗಾನಿಸಿದ ಎತ್ತರದ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಅವರು ಕಂಡದ್ದು ಇಷ್ಟು: ಮಗನ ಕೈಯ ಪೇಪರು ಹಾರಿತು. ಮೊಮ್ಮಗಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಸೊಸೆಯ ಬಾಯಿ ತೆರೆಯಿತು. ತಟ್ಟೆಯೊಂದು ಗಿರಗಿರ ತಿರುಗಿ ಕುರ್ಚಿಯ ಕಾಲಿಗೆ ಒರಗಿತು. ಎದುರಿನ ಕಲ್ಲಿನ ಕಿಟಕಿಕಟ್ಟೆಯ ಮೇಲೆ, ಕೋಣೆಗೆ ಬೆನ್ನು ಹಾಕಿ ಹತ್ತಿ ಕೂತಿತ್ತು. ಅದರ ಕಿವಿಯ ತುದಿಯೂ ಅಲುಗಲಿಲ್ಲ.

ತಾತ ತಮ್ಮ ಕೈ ನೋಡಿಕೊಂಡರು. ಅದೂ ಅಲುಗಿರಲಿಲ್ಲ.

ಆ ಕೋಣೆಯಲ್ಲಿ ಬೆಚ್ಚದವರು ಇಬ್ಬರೇ.

ಹೇಳಿದರೆ ಹೇಗೆ ಗೊತ್ತಾಯಿತೆಂದು ಕೇಳುತ್ತಾರೆ. ಎರಡು ದಿನ ಬಾಯಿ ಬಿಡದೆ ಕೂತರು. ಮೂರನೆಯ ದಿನ, ಸೊಸೆ ಬಟ್ಟೆ ಕೊಡಲು ಹೋಗಿದ್ದಾಗ, ಮೀನು ತಿನ್ನುತ್ತಿದ್ದ ಹತ್ತಿಯ ಹಿಂದೆ ಮೂರು ಮಾರು ದೂರದಲ್ಲಿ ನಿಂತು ಬಲಗಾಲಿನಿಂದ ಹಲಗೆಗೆ ಎರಡು ಸಲ ಗುದ್ದಿದರು. ಧಡ್, ಧಡ್. ಹತ್ತಿ ತಲೆಯೆತ್ತಿತು, ತಿರುಗಿತು, ನೋಡಿತು. ತಾತ ಅಂಗೈ ತೋರಿಸಿ, ನಿಧಾನವಾಗಿ ಕುಕ್ಕರಗಾಲಲ್ಲಿ ಕೂತರು. ಮಂಡಿ ಎರಡೂ ಬೈದವು. ಹತ್ತಿ ಬಂದು ಬೆರಳು ಮೂಸಿ, ಅದರ ಪಕ್ಕಕ್ಕೆ ಕೆನ್ನೆ ತಿಕ್ಕಿತು.

ದಿನಾ ಹೀಗೆ ನಡೆಯಿತು. ಚಪ್ಪಲಿ ರಿಪೇರಿಯವನು ಮೆಟ್ಟಿಲ ಬುಡದಲ್ಲಿ ಡ್ರೈವರನ್ನು ತಡೆದು ನಿಲ್ಲಿಸಿದ.

“ಏನಣ್ಣ, ಬೆಕ್ಕು ತಂದಿದ್ದೀರಿ ಅಂದ್ರು, ಕುದುರೆ ತಂದ ಹಾಗಿದೆ?”

ಬೆಳಿಗ್ಗೆ ಎದ್ದು ಪದ್ಯ ಹೇಳುವುದು ತಾತನ ಬಹುಕಾಲದ ಅಭ್ಯಾಸ. ತಮ್ಮ ತಂದೆಯ ಬಾಯಿಂದ ಕಲಿತ, ದೇವರನ್ನು ನೆನೆಯುವ ನೂರಾರು ಪದ್ಯಗಳು. ಮಗ್ಗದ ಗದ್ದಲದಲ್ಲೂ ಅವನ್ನು ಬಿಟ್ಟವರಲ್ಲ. ಈಗ ದನಿ ಎಲ್ಲಿ ಏರಿತು, ಎಲ್ಲಿ ಜಾರಿತು ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ, ಲೆಕ್ಕ ತಪ್ಪದೆ ಉಳಿದದ್ದು ತಾಳ ಒಂದೇ. ಮೂರನೆಯ ವಾರದ ಒಂದು ಬೆಳಿಗ್ಗೆ ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡಿದಳು. ತಾತ ಮಲಗಿದ್ದಲ್ಲೇ ಪದ್ಯ ಹೇಳುತ್ತಿದ್ದರು. ಹತ್ತಿ ಅವರ ಎದೆಯ ಮೇಲೆ ಗದ್ದವೂರಿ ಕಣ್ಣು ಮುಚ್ಚಿತ್ತು. ಪದ್ಯ ಮುಗಿದಾಗ ಕಣ್ಣು ತೆರೆಯಿತು, ಮುಂದಿನದು ಶುರುವಾದಾಗ ಮುಚ್ಚಿತು.

“ಅಮ್ಮ, ತಾತನ್ನ ಮಾತ್ರ ಅದು ಪರಚಲ್ಲ.”

“ಇಬ್ಬರೂ ಒಂದೇ ಜಾತಿ ಹಠ. ಒಗ್ಗಿಹೋಗಿದೆ,” ಎಂದಳು ಅಮ್ಮ.

ಅದಾದ ಮೂರನೆಯ ದಿನ ಕೆಟ್ಟದ್ದು ನಡೆಯಿತು. ಸೊಸೆಯ ಮಡಿಲಲ್ಲಿ ಗಿರಾಕಿಯೊಬ್ಬಳ ತಿಳಿ ಬಣ್ಣದ ಉಣ್ಣೆ ಕೋಟು ಇತ್ತು. ಸತ್ತ ಗಂಡನ ಕೋಟು, ಮಗನ ಮದುವೆಗೆ ಮಗನೇ ಹಾಕಿಕೊಳ್ಳಬೇಕೆಂದು ಆ ಹೆಂಗಸು ತಂದುಕೊಟ್ಟಿದ್ದಳು. ನಾಲ್ಕು ದಿನದಿಂದ ತೋಳಿನ ತೂತಿಗೆ ಎಳೆ ಕೂಡಿಸಿ ಇನ್ನೇನು ಮುಗಿಯಬೇಕು. ಕೋಟಿನ ಅಂಚಿನ ಮೇಲೆ ನಿದ್ದೆಹೋಗಿದ್ದ ಹತ್ತಿಯನ್ನು, “ಏಳೇ ಹತ್ತಿ, ಏಳು,” ಎನ್ನುತ್ತ ಸರಿಸಿದಳು. ನಾಲ್ಕು ಉಗುರು ಅವಳ ತೋರುಬೆರಳನ್ನು ಉದ್ದಕ್ಕೆ ಸೀಳಿದವು. ರಕ್ತ ಕೋಟಿನ ಮೇಲೆ ಹನಿಯಿತು. ರಕ್ತದ ಪಕ್ಕದಲ್ಲೇ, ಉಗುರು ಸಿಕ್ಕಿ ಎಳೆದಲ್ಲಿ, ಹೊಸ ತೂತು.

ಅವಳು ಕೂಗಲಿಲ್ಲ. ಅದನ್ನು ಕಂಡೇ ಮಗಳಿಗೆ ಭಯವಾಯಿತು.

“ಈ ಬೆರಳೇ ನನ್ನ ಅಂಗಡಿ,” ಎಂದಳು ಅಮ್ಮ, ಬಟ್ಟೆ ಸುತ್ತಿಕೊಳ್ಳುತ್ತ. “ಭಾನುವಾರ ಮೇಡಂ ಬರ್ತಾರಲ್ಲ, ಬುಟ್ಟಿ ತೊಳೆದಿಡು.”

“ಅಮ್ಮ, ಪಂಜರದಲ್ಲಿ…”

“ಗೊತ್ತು. ನನಗೂ ಸಂಕಟವೇ. ಆದ್ರೆ ಕಳಿಸ್ತೀನಿ ಅಂದ್ರೆ ಕಳಿಸ್ತೀನಿ.”

ಮಗಳು ಎರಡು ಹೊತ್ತು ಊಟ ಬಿಟ್ಟಳು. ಮೂರನೆಯ ಹೊತ್ತಿಗೆ ಹಸಿವು ಗೆದ್ದಿತು, ಆದರೂ ಮಾತು ಬಿಟ್ಟೇ ಇದ್ದಳು. ತಟ್ಟೆಗಳ ಸದ್ದೊಂದೇ ಉಳಿದ ಆ ಊಟದಲ್ಲಿ ತಾತ ಒಬ್ಬೊಬ್ಬರ ತುಟಿಯನ್ನೂ ನೋಡಿದರು. ಯಾವ ತುಟಿಯೂ ಆಡಲಿಲ್ಲ.

“ಏನಾಗಿದೆ ಈ ಮನೆಗೆ?”

“ಭಾನುವಾರ ಹತ್ತಿ ವಾಪಸ್!” ಎಂದು ಮಗ ಕೂಗಿ ಹೇಳಿದ.

ತಾತ ತುತ್ತನ್ನು ತಟ್ಟೆಗೆ ಇಳಿಸಿದರು.

ಭಾನುವಾರ ಬೆಳಿಗ್ಗೆ ಮೇಡಂ ಬಂದರು. ತೆಳ್ಳನೆಯ, ಅವಸರದ ಹೆಂಗಸು. ಹುಡುಗಿ ಬುಟ್ಟಿಯನ್ನು ತೊಳೆದಿಟ್ಟಿದ್ದಳು, ಆದರೆ ಅದರ ಮುಂದೆ ತಾನೇ ಕಾಲು ಚಾಚಿ ಕೂತಿದ್ದಳು.

“ಮೂರು ಮನೆಯಲ್ಲೂ ಒಂದೇ ದೂರು,” ಎಂದರು ಮೇಡಂ ಬೇಸರದಿಂದ. “ಧೈರ್ಯ ಇದೆ, ಸ್ವಭಾವ ಸರಿಯಿಲ್ಲ. ಏನು ಮಾಡೋದು, ಕೆಲವು ಹಾಗೇ. ಏಳಮ್ಮ, ಅದನ್ನ ಹಿಡ್ಕೊಂಡು ಬಾ.”

“ನಾನು ಹಿಡಿಯಲ್ಲ.”

“ಏಳೇ,” ಎಂದಳು ಅಮ್ಮ.

ಧಡ್, ಧಡ್.

ಎಲ್ಲರೂ ತಿರುಗಿದರು. ತಾತ ಕೋಣೆಯ ನಡುವೆ ನಿಂತಿದ್ದರು. ಕಪಾಟಿನ ಪಕ್ಕದಲ್ಲಿ ಗೋಡೆ ನೋಡುತ್ತ ಕೂತಿದ್ದ ಹತ್ತಿ ಕೂಡ ತಿರುಗಿತ್ತು. ತಾತ ಅಂಗೈ ತೋರಿಸಿದರು. ಅದು ಬಾಲವೆತ್ತಿ ಅವರತ್ತ ನಡೆದು ಬಂದಿತು. ಎತ್ತಿ ಹೆಗಲಿಗೆ ಹಾಕಿಕೊಂಡರು.

“ಸ್ವಭಾವ ಸರಿಯಾಗೇ ಇದೆಯಮ್ಮ,” ಎಂದರು, ತಮಗೇ ತಿಳಿಯದಷ್ಟು ಜೋರಾಗಿ. “ಇದಕ್ಕೆ ಕಿವಿ ಕೇಳಿಸಲ್ಲ.”

“ಏನು?” ಎಂದರು ಮೇಡಂ. ಹತ್ತಿಯ ಹಿಂದೆ ಹೋಗಿ ಕೈ ಚಪ್ಪಾಳೆ ತಟ್ಟಿದರು. ಬೀಗದ ಕೈ ಗೊಂಚಲು ಅಲ್ಲಾಡಿಸಿದರು. ಹತ್ತಿ ತಾತನ ಗುಂಡಿ ಕಚ್ಚುತ್ತಲೇ ಇತ್ತು. “ಬಿಳಿ ಮೈ, ನೀಲಿ ಕಣ್ಣು. ಇಂಥ ಬೆಕ್ಕುಗಳಲ್ಲಿ ಎಷ್ಟೋ ಹುಟ್ಟು ಕಿವುಡು,” ಎಂದು ಹಣೆ ಒತ್ತಿಕೊಂಡರು. “ನಮಗೇ ಹೊಳೀಬೇಕಿತ್ತು. ನಾಯಿ ಬೊಗಳಿದ್ರೂ ಮಲಗಿರುತ್ತೆ ಅಂತ ಹೊಗಳ್ಕೊಂಡು ತಿರುಗಿದ್ವಲ್ಲ! ನಿಮಗೆ ಹೇಗೆ ಗೊತ್ತಾಯ್ತು ಅಜ್ಜ?”

ತಾತ ಮೊಮ್ಮಗಳ ಕಡೆ ನೋಡಿದರು. ಅವಳು ಮೇಡಂ ಕೇಳಿದ್ದನ್ನು ತುಟಿ ಬಿಡಿಸಿ ನಿಧಾನವಾಗಿ ಹೇಳಿದಳು.

ತಾತ ಹತ್ತಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು.

“ಅವತ್ತು ತಟ್ಟೆ ಬಿತ್ತಲ್ಲ, ನೀವೆಲ್ಲ ಬೆಚ್ಚಿಬಿದ್ರಿ. ಬೆಚ್ಚದವರು ಇಬ್ಬರೇ. ಇದು, ಮತ್ತೆ ನಾನು. ನನಗೂ ಕೇಳಿಸಲ್ಲ. ಮೂರು ವರ್ಷದಿಂದ, ಹೆಚ್ಚುಕಮ್ಮಿ ಏನೂ ಕೇಳಿಸಲ್ಲ.”

ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಅವರ ಬಾಯಿಂದ ಬಂದಾಗ ಡ್ರೈವರು ತಲೆ ತಗ್ಗಿಸಿದ.

“ಮಿಲ್ಲಿನಲ್ಲಿ ಇನ್ನೂರು ಮಗ್ಗ ಒಟ್ಟಿಗೆ ಓಡ್ತಿದ್ವು. ಪಕ್ಕದವನು ಸತ್ತೆ ಅಂದ್ರೂ ಕೇಳಿಸ್ತಿರಲಿಲ್ಲ. ಮಗ್ಗದಲ್ಲಿ ಕೈ ಇಟ್ಟವನನ್ನ ಹಿಂದಿನಿಂದ ಮುಟ್ಟಿದ್ರೆ, ಬೆಚ್ಚಿ ಬೆರಳು ಕಳ್ಕೊಳ್ತಾನೆ. ಅದಕ್ಕೆ ಹೊಸಬರಿಗೆ ಮೊದಲ ದಿನವೇ ಒಂದು ಪಾಠ. ಹಿಂದಿನಿಂದ ಮುಟ್ಟಬಾರದು. ಹಲಗೆಗೆ ಎರಡು ಸಲ ಒದೀಬೇಕು, ಅವನು ತಿರುಗೋ ತನಕ ಕಾಯಬೇಕು, ಮುಖಕ್ಕೆ ಕೈ ತೋರಿಸಬೇಕು. ಮಾತು ಆಮೇಲೆ. ನನ್ನ ಹೆಂಡತಿಯೂ ಅದೇ ಮಿಲ್ಲಿನವಳು, ಸಾಯೋ ತನಕ ನನ್ನ ಹತ್ರ ಹಾಗೇ ಬಂದಳು.” ಸೊಸೆಯನ್ನು ನೋಡಿ ಹೇಳಿದರು: “ಅವಳಿದ್ದಷ್ಟು ದಿನ ನಾನು ಕಿವುಡ ಆಗಿರಲಿಲ್ಲಮ್ಮ.”

ಸೊಸೆ ಬೆರಳಿನ ಪಟ್ಟಿಯ ಗಂಟನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು. ಅಡುಗೆಮನೆಯಲ್ಲಿ ತಾನು ಆಡಿದ ಮಾತು ಇವರಿಗೆ ಕೇಳಿಸಿರಲಿಲ್ಲ ಎಂಬುದೇ ಈಗ ಅವಳನ್ನು ಹೆಚ್ಚು ಚುಚ್ಚಿತು.

ಮೇಡಂ ಹುಡುಗಿಯ ಹಿಂದಿದ್ದ ಬುಟ್ಟಿಯನ್ನು ಎತ್ತಿ ಹಿಡಿದು ನಿಂತರು. “ಕೇಳಿಸದ ಮರಿಯನ್ನ ಸಾಕೋದು ಸುಲಭ ಅಲ್ಲ. ಬೀದಿಗೆ ಬಿಡೋ ಹಾಗಿಲ್ಲ, ಯಾವಾಗಲೂ ಮನೆಯೊಳಗೇ ಇರಬೇಕು. ಮನೆಯವರೆಲ್ಲ ಒಂದೇ ರೀತಿ ನಡ್ಕೋಬೇಕು. ಒಬ್ಬರು ಮರೆತರೂ ಮತ್ತೆ ಪರಚುತ್ತೆ. ಆಗುತ್ತಾ? ಯೋಚಿಸಿ ಹೇಳಿ, ಇಲ್ಲಾಂದ್ರೆ ಈಗಲೇ ಕರ್ಕೊಂಡು ಹೋಗ್ತೀನಿ.”

ಎಲ್ಲರ ಕಣ್ಣೂ ಸೊಸೆಯ ಮೇಲೆ. ಅವಳು ಎದ್ದು ಬಾಗಿಲ ತನಕ ಹೋದಳು. ತಾತ ಕಿಟಕಿಯ ಕಡೆ ತಿರುಗಿ ಹತ್ತಿಯನ್ನು ನೆಲಕ್ಕಿಳಿಸುತ್ತಿದ್ದರು. ಇಬ್ಬರ ಬೆನ್ನೂ ಅವಳ ಕಡೆಗಿತ್ತು. ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಬಲಗಾಲಿನಿಂದ ಹಲಗೆಗೆ ಗುದ್ದಿದಳು. ಒಂದು. ಎರಡು.

ಇಬ್ಬರೂ ತಿರುಗಿದರು.

ಅವಳು ಕೂಗಲಿಲ್ಲ. ಮುಖಕ್ಕೆ ಮುಖ ಕೊಟ್ಟು, ಪಟ್ಟಿ ಕಟ್ಟಿದ ಕೈ ಎತ್ತಿ, ಸೂಜಿಗೆ ದಾರ ಪೋಣಿಸುವಾಗಿನ ಮೆಲುದನಿಯಲ್ಲಿ ಹೇಳಿದಳು: “ಉಳೀಲಿ ಮಾವ.”

“ಏನಂದೆ?” ಎನ್ನಲಿಲ್ಲ ತಾತ. ತಲೆಯಾಡಿಸಿದರು.

ಮೇಡಂ ಖಾಲಿ ಬುಟ್ಟಿಯೊಂದಿಗೆ ಇಳಿದು ಹೋಗುವಾಗ ಚಪ್ಪಲಿ ರಿಪೇರಿಯವನು ಕೇಳಿದ: “ಅಕ್ಕಾವ್ರೆ, ಕುದುರೆ ತಗೊಂಡು ಹೋಗಲಿಲ್ವಾ?”

ಮುಂದಿನ ವಾರಗಳು ಸಲೀಸಾಗಿ ಸಾಗಿದವು ಎಂದರೆ ಸುಳ್ಳಾದೀತು. ಡ್ರೈವರು ಎರಡು ಸಲ ಮರೆತ, ಎರಡು ಸಲವೂ ಪರಚಿಸಿಕೊಂಡ. ಸೊಸೆ ಕೋಟಿನ ಕಲೆಯನ್ನು ತಣ್ಣೀರಿನಲ್ಲಿ ಅದ್ದಿ ಅದ್ದಿ ತೆಗೆದಳು, ಹೊಸ ತೂತಿಗೆ ಒಳಮಡಿಕೆಯಿಂದ ಎಳೆ ಬಿಡಿಸಿ ಮತ್ತೆರಡು ದಿನ ಕೂತಳು. ಕೊಡುವಾಗ ನಡೆದದ್ದನ್ನು ಮುಚ್ಚಿಡಲಿಲ್ಲ. ಗಿರಾಕಿ ಕೋಟನ್ನು ಬೆಳಕಿಗೆ ಹಿಡಿದು, “ಎಲ್ಲಿ, ತೋರಿಸಿ?” ಎಂದಳು. ಸೊಸೆಯೇ ಹುಡುಕಬೇಕಾಯಿತು. ಕಿವಿಯ ಮೆಷೀನನ್ನು ಮೊಮ್ಮಗಳು ಖಾನೆಯಿಂದ ಹೊರತೆಗೆದಳು. ತಾತ ಹಾಕಿಕೊಂಡು, “ಇದರಲ್ಲಿ ಫ್ಯಾನೊಂದೇ ಮಾತಾಡುತ್ತೆ,” ಎಂದು ಕಿತ್ತಿಟ್ಟರು. ದಿನಕ್ಕೆ ಅರ್ಧ ಗಂಟೆ ಹಾಕಬೇಕು, ಇಲ್ಲವಾದರೆ ಹತ್ತಿಯ ಮೀನಿನ ಮುಳ್ಳು ತಾತನೇ ತೆಗೆಯಬೇಕು ಎಂದು ಅವಳು ತೀರ್ಪು ಕೊಟ್ಟಳು. ಈಗ ಅರ್ಧ ಗಂಟೆ ಒಂದು ಗಂಟೆಯಾಗಿದೆ.

ಇನ್ನೊಂದು ಬದಲಾವಣೆಯನ್ನು ಮೊದಲು ಗಮನಿಸಿದವನು ಕೆಳಗಿನವನು. “ಮೇಲೆ ಜಗಳ ನಿಂತುಹೋಗಿದೆಯಲ್ಲಣ್ಣ,” ಎಂದ ಡ್ರೈವರಿಗೆ. “ಈಗ ಬರೀ ಧಡ್ ಧಡ್. ಬೇಜಾರಾಗುತ್ತೆ ಕಣಣ್ಣ, ಮೊದಲು ನಿಮ್ಮ ಮನೆ ಸುದ್ದಿ ಎಲ್ಲ ಪುಕ್ಕಟೆ ಸಿಗ್ತಿತ್ತು.”

ಒಂದು ಸಂಜೆ ತಾತ ಕಿಟಕಿಯ ಬಳಿಯ ಕುರ್ಚಿಯಲ್ಲಿ, ಹತ್ತಿ ಕಟ್ಟೆಯ ಮೇಲೆ, ಇಬ್ಬರೂ ಬೀದಿ ನೋಡುತ್ತಿದ್ದರು. ಸೊಸೆ ಒಂದು ಕೈಯಲ್ಲಿ ಚಹಾ, ಒಂದು ಕೈಯಲ್ಲಿ ಮೀನಿನ ಬಟ್ಟಲು ಹಿಡಿದು ಬಾಗಿಲಿಗೆ ಬಂದು ನಿಂತಳು. ಬೆರಳಿನ ಗಾಯ ಮಾಗಿ ತೆಳ್ಳನೆ ಗೆರೆಯೊಂದು ಉಳಿದಿತ್ತು.

ಧಡ್, ಧಡ್.

ತಾತ ಕುರ್ಚಿಯ ತೋಳು ಹಿಡಿದು ತಿರುಗಿದರು. ಕಲ್ಲಿನ ಕಟ್ಟೆಗೆ ಹಲಗೆಯ ಸುದ್ದಿ ಮುಟ್ಟಲಿಲ್ಲ, ಹತ್ತಿ ಬೀದಿಯನ್ನೇ ನೋಡುತ್ತಿತ್ತು. ತಾತ ಮುಂದಕ್ಕೆ ಬಾಗಿ ಅದರ ಕಣ್ಣೆದುರಿಗೆ ಅಂಗೈ ತೋರಿಸಿ, ಹಿಂದೆ ನೋಡು ಎಂಬಂತೆ ಬೆರಳು ಮಾಡಿದರು. ಅದೂ ತಿರುಗಿತು.

ಸೊಸೆ ಎರಡೂ ಕೈ ಮೇಲೆತ್ತಿ ತೋರಿಸಿದಳು. “ಮೊದಲು ಯಾರಿಗೆ ಮಾವ?”

“ಅದಕ್ಕೇ ಕೊಡಮ್ಮ,” ಎಂದರು ತಾತ. ಆ ಮನೆಯಲ್ಲಿ ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. “ನನಗೆ ಈಗ ಅವಸರವಿಲ್ಲ.”